ಗ್ಯಾಸಿನ ಗಾಡಿಗೆ ಪೆಟ್ರೋಲು

ಗಾಡಿಯ ಮೂತಿ ಜಜ್ಜಿಹೋಗಿತ್ತು. ಎಡಗಡೆಯ ದೀಪ ಪುಡಿಪುಡಿ. ಬಂಪರಿನ ಸಂದಿಯಲ್ಲಿ ಬಟ್ಟೆಯ ಒಂದು ಚೂರು, ಅದರ ಮೇಲೆ ಒಣಗಿದ ರಕ್ತ.

ಮಣಿನಗರ ರೈಲು ಸ್ಟೇಷನ್ನಿನ ಎದುರಿಗಿರುವ ನಮ್ಮ ಉಡುಪಿ ಹೋಟೆಲಿನ ಹಿಂದಿನ ಓಣಿ ಅದು. ಮಂಗಳವಾರ ಬೆಳಿಗ್ಗೆ ತರಕಾರಿ ತರಲೆಂದು ಹೋಟೆಲಿನ ಓಮ್ನಿ ವ್ಯಾನಿನ ಹತ್ತಿರ ಹೋದ ನನ್ನ ಗಂಡ ಗಣೇಶ್ "ಅಯ್ಯೋ ದೇವರೇ!" ಎಂದು ಕೂಗಿದರು. ನಾನು ದೋಸೆ ಹುಯ್ಯುವುದನ್ನು ಬಿಟ್ಟು ಓಡಿಬಂದೆ. ಕಾವಲಿಯ ಮೇಲಿನ ದೋಸೆ ಕರಟುವ ಮೊದಲೇ ಪೊಲೀಸ್ ಜೀಪು ಬಂತು.

ಹಿಂದಿನ ದಿನ ಸಂಜೆ ವಡೋದರಾ ಹತ್ತಿರ, ಕೊಯಾಲಿ ರಸ್ತೆಯಲ್ಲಿ, ಸೈಕಲಿನಲ್ಲಿ ಹೋಗುತ್ತಿದ್ದವನಿಗೆ ಒಂದು ಓಮ್ನಿ ಗುದ್ದಿತ್ತು. ಆತ ಸತ್ತುಹೋಗಿದ್ದ. ಗಾಡಿಯ ಹಿಂಬದಿಯಲ್ಲಿದ್ದ ನಮ್ಮ ಹೋಟೆಲಿನ ಹೆಸರನ್ನು ಅಲ್ಲಿನ ಚಹಾದಂಗಡಿಯವನು ಓದಿದ್ದ.

"ಡ್ರೈವರ್ ಯಾರು?" ಇನ್ಸ್‌ಪೆಕ್ಟರ್ ವಾಘೇಲಾ ಕೇಳಿದ.

"ನಾನೇ. ಆದರೆ ನಿನ್ನೆ ಹೋಟೆಲಿಗೆ ರಜೆ ಸಾಹೇಬ್. ಜ್ವರ ಬಂದು ಮನೆಯಲ್ಲಿ ಮಲಗಿದ್ದೆ."

"ಸಾಕ್ಷಿ?"

"ನಾನು" ಎಂದೆ.

"ಹೆಂಡತಿಯ ಸಾಕ್ಷಿ!" ಆತ ನಕ್ಕುಬಿಟ್ಟ.

ಜ್ವರ ಇಳಿಯದ ಮನುಷ್ಯನನ್ನು ಎಳೆದುಕೊಂಡು ಹೋದರು. ಗಾಡಿಯನ್ನೂ ಒಯ್ದರು. ಮಗಳು ನಮಿತಾಗೆ ಕನ್ನಡ ಅಷ್ಟಕ್ಕಷ್ಟೇ. "ಪಪ್ಪಾ ಕ್ಯಾರೇ ಆವಶೆ?" ಎಂದು ಗುಜರಾತಿಯಲ್ಲೇ ಕೇಳಿದಳು. ಯಾವಾಗ ಬರುತ್ತಾರೆಂದು ನನಗೇನು ಗೊತ್ತು? ಮರುದಿನ ಕೋರ್ಟಿಗೆ ಹಾಜರು ಮಾಡುತ್ತಾರಂತೆ. ಆಮೇಲೆ ಜೈಲು.

*

ಮಧ್ಯಾಹ್ನ ಸುದ್ದಿ ಕೇಳಿ ಸೂರತ್ತಿನಿಂದ ರಾಕೇಶ್ ಬಂದ. ಹೋಟೆಲಿನ ಯಜಮಾನರಾದ ಪದ್ಮನಾಭಣ್ಣನ ಅಕ್ಕನ ಮಗ. ಅಲ್ಲಿನ ಕತಾರ್‌ಗಾಮಿನ ನಮ್ಮ ಇನ್ನೊಂದು ಹೋಟೆಲು ನೋಡಿಕೊಳ್ಳಲು ನವರಾತ್ರಿಗೆ ಮೊದಲೇ ಹೋದವನು, ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

"ನನಗೇನೂ ಆಶ್ಚರ್ಯ ಇಲ್ಲ ಮಾವ" ಎಂದ, ನಾನು ಕೊಟ್ಟ ಕಾಫಿ ಕುಡಿಯುತ್ತಲೇ. "ಗಣೇಶಣ್ಣನಿಗೆ ಗಾಡಿ ಬಿಚ್ಚಿ ಜೋಡಿಸುವ ಮರುಳು. ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ರೆ ಸಾಕು, ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದ ಹಾಗೆ ಕಟಕಟ ಅಂತದೆ. ಅಂಥ ಗಾಡಿ ಗುದ್ದದೆ ಎಂತ ಮಾಡ್ತದೆ?"

ಆ ಲೋಟವನ್ನು ಅವನ ಮುಖಕ್ಕೇ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಅಲ್ಲಿಗೇ ಬಂದಳು ಚಿನ್ಮಯಿ. ಧಾರವಾಡದ ಹುಡುಗಿ, ಎಂಜಿನ್ ಪರೀಕ್ಷೆ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಮಣಿನಗರದಲ್ಲೇ ಬಾಡಿಗೆ ಫ್ಲ್ಯಾಟು, ಬೆಳಗಿನ ತಿಂಡಿ ನಮ್ಮಲ್ಲಿ. ನಮ್ಮವರಿಗೂ ಅವಳಿಗೂ ಗಾಡಿಯ ಮಾತು ಶುರುವಾದರೆ ಇಡ್ಲಿ ಆರಿಹೋಗುತ್ತಿತ್ತು.

"ಅಕ್ಕಾ, ಅಳಬ್ಯಾಡ್ರಿ. ಗಾಡಿಗೆ ಎಷ್ಟು ಕೀಲಿ ಅವ?"

"ಎರಡು. ಇವರದ್ದು ಮನೆಯಲ್ಲೇ ಇತ್ತು. ಇನ್ನೊಂದು ಯಜಮಾನರ ಹತ್ತಿರ."

ಪದ್ಮನಾಭಣ್ಣನನ್ನು ಕೇಳಿದೆವು. ಅವರು ಗಲ್ಲಾದ ಕಡೆ ಮುಖ ತಿರುಗಿಸಿದರು. "ಎಲ್ಲೋ ಕಳೆದುಹೋಗಿದೆ, ಮಾರಾಯ್ತಿ."

ಸುಳ್ಳು! ಉಪ್ಪಿನ ಚಮಚ ಕಳೆದರೂ ಊರು ಒಂದು ಮಾಡುವ ಮನುಷ್ಯ ಅವರು. ಇವರೇ ಮಾಡಿದ್ದು ಎಂದು ನಾನು ತೀರ್ಮಾನಿಸಿಬಿಟ್ಟೆ.

"ತಡೀರಿ" ಎಂದಳು ಚಿನ್ಮಯಿ. "ಮೊದಲ ಗಾಡಿ ನೋಡೂಣು."

*

ಠಾಣೆಯ ಅಂಗಳದಲ್ಲಿ ವಾಘೇಲಾನ ಎದುರಿಗೇ ಚಿನ್ಮಯಿ ಓಮ್ನಿಯ ಸೀಟು ಎತ್ತಿದಳು. ಗ್ಯಾಸಿನಲ್ಲಿ ಓಡುವ ಗಾಡಿ ಅದು; ಸಿಲಿಂಡರ್ ಪೂರ್ತಿ ಖಾಲಿ. ಪೆಟ್ರೋಲ್ ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

"ನಮ್ಮವರು ಬೆಳಿಗ್ಗೆ ಸ್ಟಾರ್ಟ್ ಮಾಡಲು ಎಷ್ಟು ಬೇಕೋ ಅಷ್ಟೇ ಪೆಟ್ರೋಲು ಇಡೋದು" ಎಂದೆ.

ಅವಳು ಸ್ಪಾರ್ಕ್ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದಳು. ಅದರ ಬಿಳಿ ಪಿಂಗಾಣಿ ಬಿರುಕುಬಿಟ್ಟಿತ್ತು. ಅದರ ಮೇಲೆ ಬೆಳ್ಳಿಯಂಥ ಸಣ್ಣ ಸಣ್ಣ ಚುಕ್ಕೆ.

"ಇದು ಪಿಸ್ಟನ್ನಿನ ಲೋಹ, ಕರಗಿ ಹಾರಿದೆ" ಎಂದು ಹಿಂದಿಯಲ್ಲಿ ವಾಘೇಲಾಗೆ ಹೇಳಿದಳು. "ಗ್ಯಾಸಿಗೆ ಮೈಲೇಜ್ ಸಾಲದು ಅಂತ ದೀಪಾವಳಿ ಆದ ಮೇಲೆ ನಾನು, ಗಣೇಶ್ ಸೇರಿ ಎಂಜಿನ್ ಬದಲಾಯಿಸಿದೆವು. ಎಂಜಿನ್ನಿನ ಮುಚ್ಚಳವಾದ ಹೆಡ್ ತೆಳು ಮಾಡಿಸಿ ಒಳಗಿನ ಒತ್ತಡ ಏರಿಸಿದೆವು. ಕಿಡಿ ಮೊದಲಿಗಿಂತ ಬೇಗ ಹಾರುವ ಹಾಗೆ ಮಾಡಿದೆವು. ಅದೇ ಗ್ಯಾಸಿನಲ್ಲಿ ಗಾಡಿ ಹೆಚ್ಚು ದೂರ ಓಡತೊಡಗಿತು."

"ಅದಕ್ಕೂ ಕೇಸಿಗೂ ಏನು ಸಂಬಂಧ?"

"ಗ್ಯಾಸಿನ ಆಕ್ಟೇನ್ ನೂರರ ಮೇಲೆ. ಎಷ್ಟು ಒತ್ತಿದರೂ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಪಂಪಿನ ಮಾಮೂಲಿ ಪೆಟ್ರೋಲಿನದು ತೊಂಬತ್ತರ ಆಸುಪಾಸು. ಈ ಎಂಜಿನ್ನಿನ ಒತ್ತಡವನ್ನು ಅದು ತಾಳುವುದಿಲ್ಲ, ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ಇದನ್ನು ಪೆಟ್ರೋಲಿನಲ್ಲಿ ಓಡಿಸಿದರೆ ಪಿಸ್ಟನ್ ಹೋಗುತ್ತದೆ ಅಂತ ಗಣೇಶ್‌ಗೆ ಚೆನ್ನಾಗಿ ಗೊತ್ತಿತ್ತು. ಓಡಿಸಿದವನಿಗೆ ಗೊತ್ತಿರಲಿಲ್ಲ."

"ಮನುಷ್ಯನನ್ನು ಕೊಂದು ಓಡುವವನು ಎಂಜಿನ್ ಬಗ್ಗೆ ಯೋಚಿಸುತ್ತಾನಾ?" ವಾಘೇಲಾ ಎದ್ದುಬಿಟ್ಟ. "ನಾಳೆ ಕೋರ್ಟು. ನಡೀರಿ."

ಕಂಬಿಯ ಹಿಂದೆ ನಮ್ಮವರು ಕೂತಿದ್ದರು. ತುಟಿ ಊದಿತ್ತು. "ಮಗೂಗೆ ಊಟ ಕೊಟ್ಟೆಯಾ?" ಎಂದು ನನ್ನನ್ನೇ ಕೇಳಿದರು. ಎಲ್ಲ ಮುಗಿಯಿತು ಎಂದೇ ಅನ್ನಿಸಿತು.

ಚಿನ್ಮಯಿ ಕೈಹಿಡಿದು ಹೊರಗೆ ಕರೆದುಕೊಂಡು ಬಂದಳು. "ಎಷ್ಟು ಒದರಿರಬೇಕ್ರಿ ಆ ಎಂಜಿನ್! ಕೊಯಾಲಿಯಿಂದ ಇಲ್ಲೀತನಕ ಕಟಕಟ ಕಟಕಟ…"

ನಾನು ತಟ್ಟನೆ ನಿಂತೆ. "ಡಬ್ಬಿಯಲ್ಲಿ ಮೊಳೆ ಕುಲುಕಿದ ಹಾಗಾ?"

"ಹೌದು, ಹಂಗ. ನಿಮಗ ಹ್ಯಾಂಗ ಗೊತ್ತು?"

ನಾನು ರಾಕೇಶನ ಮಾತನ್ನು ಹೇಳಿದೆ. ಅವಳು ವಾಘೇಲಾನ ಕೋಣೆಗೆ ಓಡಿದಳು.

*

ರಾಕೇಶ್ ಚೀಲ ಹೆಗಲಿಗೇರಿಸಿ ಸೂರತ್ತಿನ ರೈಲಿಗೆ ಹೊರಟಿದ್ದ. ಹೋಟೆಲಿನ ಬಾಗಿಲಲ್ಲಿ ವಾಘೇಲಾನನ್ನು ಕಂಡು ನಿಂತ.

"ಕುತ್ಕೋರಿ" ಎಂದಳು ಚಿನ್ಮಯಿ. "ಓಮ್ನಿ ಕಟಕಟ ಅನ್ನೂದನ್ನ ನೀವು ಯಾವಾಗ ಕೇಳಿದ್ರಿ?"

"ಇಲ್ಲಿದ್ದಾಗ. ನವರಾತ್ರಿಗೆ ಮೊದಲು."

"ಆವಾಗ ಎಂಜಿನ್ ಮೊದಲಿನಂಗ ಇತ್ತು. ಸದ್ದೇ ಇರಲಿಲ್ಲ."

"ಹಾಗಾದ್ರೆ ಆಮೇಲೆ…"

"ಆಮೇಲೆ ನೀವು ಬಂದೇ ಇಲ್ಲಂತಲ್ಲ?"

ರಾಕೇಶ್ ತುಟಿ ನೆಕ್ಕಿಕೊಂಡ. "ಯಾರೋ ಹೇಳಿದ್ರು."

"ಯಾರು? ಗ್ಯಾಸಿನ್ಯಾಗ ಅದು ಸದ್ದು ಮಾಡೂದಿಲ್ಲ. ಪೆಟ್ರೋಲಿನ್ಯಾಗೂ ನಿಂತಲ್ಲೇ ಮಾಡೂದಿಲ್ಲ. ಪೆಟ್ರೋಲ್ ಹಾಕಿ ಜೋರಾಗಿ ಓಡಿಸಿದವರಿಗೆ ಮಾತ್ರ ಕೇಳಸ್ತೈತಿ. ಪರೀಕ್ಷಾ ಮಾಡೂವಾಗ ಒಮ್ಮೆ ನಾನು, ಗಣೇಶಣ್ಣ ಕೇಳಿದ್ವಿ. ಮೂರನೇದವ್ರು ನೀವು."

ವಾಘೇಲಾ ಪದ್ಮನಾಭಣ್ಣನ ಕಡೆ ತಿರುಗಿದ. "ಎರಡನೇ ಕೀ ಎಲ್ಲಿ?"

ಪದ್ಮನಾಭಣ್ಣ ಅಳಿಯನನ್ನು ನೋಡಿದರು. ಎತ್ತಿ ಆಡಿಸಿದ ಮಗು ಅವನು. ನಾನು ಕೈಮುಗಿದೆ. ನಮಿತಾ ನನ್ನ ಸೆರಗು ಹಿಡಿದು ನಿಂತಿದ್ದಳು. ಅವರ ಕಣ್ಣು ಅವಳ ಮೇಲೆ ಬಿತ್ತು.

"ಅವನ ಹತ್ತಿರ ಉಂಟು" ಎಂದರು. "ಸಾಮಾನು ಸಾಗಿಸಬೇಕು ಅಂತ ಸೂರತ್ತಿಗೆ ಹೋಗುವಾಗಲೇ ತಕೊಂಡು ಹೋಗಿದ್ದ. ಗಾಡಿಯ ಮೂತಿ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು. ಹೇಳಲು ಬಾಯಿ ಬರಲಿಲ್ಲ."

ಕೀ ರಾಕೇಶನ ಚೀಲದಲ್ಲೇ ಸಿಕ್ಕಿತು. ಮಾವನಿಗೆ ತಿಳಿಯದಂತೆ ವಡೋದರಾದಲ್ಲಿ ಸ್ವಂತ ಹೋಟೆಲು ತೆರೆಯಲು ಹೊರಟಿದ್ದನಂತೆ ಭೂಪ! ರಜೆಯ ದಿನ ಕದ್ದು ಬಂದು, ಗೋದಾಮಿನ ಹಳೆಯ ರುಬ್ಬುವ ಯಂತ್ರವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದ. ಅಲ್ಲಿ ಗ್ಯಾಸು ಮುಗಿಯಿತು, ಪೆಟ್ರೋಲು ಹಾಕಿಸಿದ. ಸದ್ದು ಶುರುವಾಯಿತು. ಏನಾಯಿತೆಂದು ಬಗ್ಗಿ ನೋಡುತ್ತಿರುವಾಗ ಸೈಕಲು ಎದುರಿಗೆ ಬಂತು. ರಾತ್ರೋರಾತ್ರಿ ಗಾಡಿಯನ್ನು ಓಣಿಗೆ ತಂದು ನಿಲ್ಲಿಸಿ ಸೂರತ್ತಿಗೆ ಓಡಿಹೋಗಿದ್ದ.

"ಇಳಿದು ನೋಡಿದೆ" ಎಂದು ಅತ್ತ. "ಉಸಿರಾಡ್ತಿದ್ದ. ಹೆದರಿಕೆಯಾಯ್ತು ಮಾವ…"

ಪದ್ಮನಾಭಣ್ಣ ಕಿವಿ ಮುಚ್ಚಿಕೊಂಡರು.

*

ಮರುದಿನ ನಮ್ಮವರನ್ನು ಬಿಟ್ಟರು. ಠಾಣೆಯ ಮೆಟ್ಟಿಲಿಳಿಯಲು ಎರಡೂ ಕಡೆ ಹಿಡಿದುಕೊಳ್ಳಬೇಕಾಯಿತು. ನಮಿತಾ ಅವರ ಕಾಲು ತಬ್ಬಿಕೊಂಡು "ಪಪ್ಪಾ, ಮನೆಗೆ ಹೋಗುವಾ" ಎಂದು ಕನ್ನಡದಲ್ಲೇ ಹೇಳಿದಳು.

"ಪಿಸ್ಟನ್ ಹೋತ್ರಿ ಅಣ್ಣಾ" ಎಂದಳು ಚಿನ್ಮಯಿ, ನಗಿಸಲೆಂದು.

ಅವರು ಅಂಗಳದಲ್ಲಿದ್ದ ಗಾಡಿಯ ಕಡೆ ನೋಡಲೇ ಇಲ್ಲ.

"ಆ ಸೈಕಲಿನವನು ಉಸಿರಾಡ್ತಿದ್ದನಂತೆ ಹೌದಾ?" ಎಂದು ಕೇಳಿದರು. "ಅವನ ಮನೆಯಲ್ಲಿ ಯಾರ್ಯಾರಿದ್ದಾರೆ ಜಲಜಾ?"

ನಾನು ಅದನ್ನು ಯಾರನ್ನೂ ಕೇಳಿರಲಿಲ್ಲ.