ಕೇಟಿಯಲ್ಲಿ ಕಳೆದ ಕೆಂಪು ಕಾರ್ಡು

ಪೆಟ್ಟಿಗೆಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿದ್ದ ನೋಟ್‌ಬುಕ್ ಮಾತ್ರ ಮಾಯವಾಗಿತ್ತು.

ಬಸಲಿಂಗಪ್ಪನವರು ಮಂಚದ ಅಂಚಿಗೆ ಕೂತು ಆ ತಗಡಿನ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ವಯಸ್ಸು ಎಂಬತ್ತೆಂಟು. ಭಿಲಾಯಿ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕುಲುಮೆಯ ಮುಂದೆ ನಿಂತ ಜೀವ. ಈಗ ಮಗನ ಜೊತೆ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದಾರೆ. ಕಣ್ಣುಗಳು ಕೆಂಪಾಗಿದ್ದವು. ಅತ್ತಿದ್ದಕ್ಕೋ ಸಿಟ್ಟಿಗೋ ತಿಳಿಯಲಿಲ್ಲ.

"ಆ ಹುಡುಗೀನೇ ಒಯ್ದಾಳ್ರೀ," ಎಂದರು. "ಗುರುವಾರ ಸಂಜಿತನಕ ಇಲ್ಲೇ ಕುಂತು ಓದಿದ್ಲು. ನಿನ್ನೆ ತಗದು ನೋಡಿದ್ರ ಇಲ್ಲ. ಅಕಿ ಪ್ರೊಫೆಸರಿಗೆ ಈಮೇಲ್ ಹಾಕೀನಿ."

ನನ್ನ ಹೆಂಡತಿ ನಿವೇದಿತಾ ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವುದು ಅವಳ ಉದ್ಯೋಗ; ಅದಕ್ಕೇ ಅಜ್ಜ ನಮ್ಮನ್ನು ಕರೆಸಿದ್ದರು. ಮನೆಯಲ್ಲಿ ನಾನು ಕದ್ದು ಒಂದು ಚಕ್ಕುಲಿ ತಿಂದರೂ ಸಿಕ್ಕಿಬೀಳುತ್ತೇನೆ. ನಾನು ವಿನಾಯಕ್. ಇಂಥ ಕೇಸುಗಳಲ್ಲಿ ಅವಳ ಡ್ರೈವರ್, ಸಂಬಳವಿಲ್ಲ.

ಆ ಹುಡುಗಿಯ ಹೆಸರು ತನ್ವಿ. ಆಸ್ಟಿನ್‌ನಲ್ಲಿ ಇತಿಹಾಸದ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಸೋವಿಯತ್ ದೇಶದ ಮೊದಲ ಪಂಚವಾರ್ಷಿಕ ಯೋಜನೆ. 1959ರಲ್ಲಿ ಭಾರತ ಸರ್ಕಾರ ಬಸಲಿಂಗಪ್ಪನವರನ್ನು ತರಬೇತಿಗೆಂದು ಉರಲ್ ಬೆಟ್ಟಗಳ ಹತ್ತಿರದ ಉಕ್ಕಿನ ಊರಿಗೆ ಕಳಿಸಿತ್ತು. ಆ ಊರನ್ನು ಕಟ್ಟಿದವರ ಬಾಯಿಂದಲೇ ಕೇಳಿದ್ದನ್ನು ಅವರು ಕನ್ನಡದಲ್ಲಿ ಬರೆದಿಟ್ಟಿದ್ದರು. ಇನ್ನೂರು ಪುಟ. ಫೋಟೋ ತೆಗೆಯಲು ಯಾರಿಗೂ ಬಿಟ್ಟಿರಲಿಲ್ಲ.

"ಪ್ರೊಫೆಸರ್ ಏನಂದ್ರು ಅಜ್ಜ?"

"ಸೋಮವಾರ ಹತ್ತಕ್ಕ ವಿಚಾರಣಿ ಅಂತ."

ಕಳ್ಳತನದ ಹೆಸರು ಅಂಟಿಕೊಂಡರೆ ಹುಡುಗಿಯ ಸೀಟೂ ಹೋಗುತ್ತದೆ, ವೀಸಾವೂ ಹೋಗುತ್ತದೆ. ಆ ದಿನ ಶನಿವಾರ.

"ಪೆಟ್ಟಿಗೆ ಕೀ ಎಲ್ಲಿರುತ್ತೆ?"

"ದೇವರ ಜಗಲಿ ಮ್ಯಾಗ. ಮನೀಗಿ ಬಂದೋರಿಗೆಲ್ಲಾ ಗೊತ್ತೈತಿ."

ನಿವೇದಿತಾ ಬೀಗ ತೆಗೆದು ಪೆಟ್ಟಿಗೆಯೊಳಗೆ ಕೈಯಾಡಿಸಿದಳು. ಹಳೆಯ ಸೋವಿಯತ್ ಬ್ಯಾಡ್ಜುಗಳು, ಒಂದು ತುಂಡು ಉಕ್ಕು. ಅವು ಇದ್ದಲ್ಲೇ ಇದ್ದವು.

ಮಗ ಶ್ರೀಶೈಲ್ ನಮ್ಮನ್ನು ಕಾರಿನ ತನಕ ಬಿಡಲು ಬಂದರು. ಆಯಿಲ್ ಕಂಪನಿಯಲ್ಲಿ ಇಂಜಿನಿಯರ್, ಬಹಳ ಮರ್ಯಾದಸ್ಥ.

"ಹೋಗಿದ್ದು ಹೋತು, ಬಿಟ್ಟುಬಿಡ್ರಿ ಮೇಡಂ," ಎಂದರು. "ಒಂದ್ ನೋಟ್‌ಬುಕ್ಕು, ಅದರಾಗಿನ ಪಾರ್ಟಿ ಕಾರ್ಡು. ಅಷ್ಟಕ್ಕ ಪೊಲೀಸರು ಗಿಲೀಸರು ಬ್ಯಾಡ. ಬುಧವಾರ ಅಪ್ಪಾರ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಐತಿ."

"ನೀವು ಆ ಪೆಟ್ಟಿಗೆ ತೆಗೆದಿದ್ರಾ?"

"ನಾನಾ? ಎಂದೂ ಇಲ್ರಿ. ಗುರುವಾರ ಕಾಪೆಲ್‌ನಿಂದ ರಘುನಂದನ ಬಂದಿದ್ರು ನೋಡ್ರಿ. ಬ್ಯಾಡ್ಜ್ ಕೊಡ್ರಿ ಅಂತ ಅಪ್ಪಾರ ಜೀವ ತಿಂದ್ರು."

ನಿವೇದಿತಾ ನನ್ನ ಮುಖ ನೋಡಿದಳು. ನಾನು ಕಾರಿನ ಪೆಟ್ರೋಲ್ ಮುಳ್ಳು ನೋಡಿದೆ.

* * *

ಟೆಕ್ಸಸ್‌ನಲ್ಲಿ ಪತ್ತೇದಾರಿಕೆ ಎಂದರೆ ಮುಕ್ಕಾಲು ಪಾಲು ಡ್ರೈವಿಂಗ್. ಡಲ್ಲಾಸ್ ದಾಟಿ ಕಾಪೆಲ್ ತಲುಪುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.

ರಘುನಂದನ ಅವರ ಹಾಲ್‌ನ ಒಂದು ಗೋಡೆಯ ತುಂಬಾ ಬ್ಯಾಡ್ಜುಗಳು. ಟ್ರ್ಯಾಕ್ಟರ್, ಅಣೆಕಟ್ಟು, ಕುಲುಮೆ, ರಾಕೆಟ್. ಒಂದೊಂದನ್ನೂ ತೋರಿಸಿ ಕಾಫಿ ಆರುವ ತನಕ ಕಥೆ ಹೇಳಿದರು.

"ನೋಟ್‌ಬುಕ್ ಎಲ್ಲಿ ಸಾರ್?" ನಿವೇದಿತಾ ನೇರವಾಗಿ ಕೇಳಿದಳು.

ಅವರಿಗೆ ಕೋಪ ಬರಲಿಲ್ಲ, ನಗು ಬಂತು. "ಅಲ್ಲಮ್ಮ, ನಾನು ಕದಿಯೋದಾದ್ರೆ ಬ್ಯಾಡ್ಜ್ ಬಿಟ್ಟು ನೋಟ್‌ಬುಕ್ ಕದೀತೀನಾ? ಆ ಪೆಟ್ಟಿಗೇಲಿರೋ ಕುಲುಮೆ ಬ್ಯಾಡ್ಜ್‌ಗೆ ನಾಲ್ಕು ವರ್ಷದಿಂದ ಅಜ್ಜನ ಕಾಲು ಹಿಡೀತಿದೀನಿ. ಹೋಗಿದೆಯಾ ಅದು?"

"ಇಲ್ಲ. ಅಲ್ಲೇ ಇದೆ."

"ಸದ್ಯ, ಬದುಕಿದೆ!" ಎಂದು ಎದೆ ಮುಟ್ಟಿಕೊಂಡರು.

ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಬಂದಿದ್ದಕ್ಕೆ ಸಿಕ್ಕಿದ್ದು ಇಷ್ಟು. ಆದರೆ ನಿವೇದಿತಾ ಹುರುಪಿನಲ್ಲಿದ್ದಳು. ಬೆಲೆ ಬಾಳುವುದನ್ನು ಕಳ್ಳ ಮುಟ್ಟಿಲ್ಲ ಎನ್ನುವುದು ಅವಳಿಗೆ ಖಾತ್ರಿಯಾಗಿತ್ತು.

* * *

ಭಾನುವಾರ ಬೆಳಿಗ್ಗೆ ಆಸ್ಟಿನ್. ತನ್ವಿ ಬಾಗಿಲು ತೆರೆದಳು. ಮೈಸೂರಿನ ಹುಡುಗಿ. ಊಟ ಬಿಟ್ಟು ಎರಡು ದಿನವಾಗಿರಬೇಕು, ಮುಖ ಬಾಡಿ ಇಷ್ಟೇ ಆಗಿತ್ತು.

"ಅಕ್ಕ, ನಾನು ತಗೊಂಡಿಲ್ಲ. ಅಜ್ಜ ನನ್ನನ್ನೇ ಕಳ್ಳಿ ಅಂದ್ರಲ್ಲ," ಎಂದು ಅತ್ತುಬಿಟ್ಟಳು.

"ಅಳೋದು ಆಮೇಲೆ," ಎಂದಳು ನಿವೇದಿತಾ. "ಅದರಲ್ಲಿ ಏನಿತ್ತು ಹೇಳು."

ತನ್ವಿ ಕಣ್ಣೊರೆಸಿಕೊಂಡು ತಾನು ಕೈಯಲ್ಲಿ ನಕಲು ಮಾಡಿಕೊಂಡಿದ್ದ ನಲವತ್ತು ಪುಟ ತಂದಳು. ಓದತೊಡಗಿದ ಮೇಲೆ ಅವಳ ದನಿ ಗಟ್ಟಿಯಾಯಿತು. ಬೋಳು ಬಯಲು. ಹದಿನೇಳು ವರ್ಷದ ನಿಕೊಲಾಯ್ ಎಂಬ ರೈತನ ಮಗ ರೈಲಿಳಿಯುತ್ತಾನೆ. ಬೋಲ್ಟ್ ಎಂದರೇನೆಂದೇ ಅವನಿಗೆ ಗೊತ್ತಿಲ್ಲ. ಟೆಂಟಿನಲ್ಲಿ ಮಲಗಿ, ಹಿಮದಲ್ಲಿ ಸನಿಕೆ ಹಿಡಿದು ಅಡಿಪಾಯ ತೋಡುತ್ತಾನೆ. ಸಂಜೆ ಅಕ್ಷರ ಕಲಿಯುತ್ತಾನೆ. ಮೂರು ವರ್ಷಕ್ಕೆ ಅಲ್ಲಿ ಮೊದಲ ಕುಲುಮೆ ಹೊತ್ತಿಕೊಳ್ಳುತ್ತದೆ. ಅವನು ಕ್ರೇನ್ ನಡೆಸುತ್ತಾನೆ. ಮುಂದೆ ಅವನೇ ಫೋರ್‌ಮನ್ ಆಗಿ ನಮ್ಮ ಬಸಲಿಂಗಪ್ಪನವರಿಗೆ ಕುಲುಮೆಯ ಕೆಲಸ ಕಲಿಸುತ್ತಾನೆ.

ಮೂರು ವರ್ಷ! ಹಿತ್ತಲಿನ ಬೇಲಿ ರಿಪೇರಿಗೇ ನಾನು ಎರಡು ವರ್ಷ ತೆಗೆದುಕೊಂಡವನು.

"ಕಾವಲು ಹಾಕಿ ಬಲವಂತವಾಗಿ ಕರೆತಂದಿದ್ದ ಜನರೂ ಇದ್ರು," ಎಂದಳು ತನ್ವಿ. "ಚಳಿಗೆ, ಹಸಿವಿಗೆ ಸತ್ತವರೂ ಇದ್ರು. ಅಜ್ಜ ಅದನ್ನೂ ಮುಚ್ಚಿಟ್ಟಿಲ್ಲ. ಅದಕ್ಕೇ ಈ ನೋಟ್‌ಬುಕ್ ಅಂದ್ರೆ ನಂಗೆ ಪ್ರಾಣ."

"ಅದರಲ್ಲಿದ್ದ ಪಾರ್ಟಿ ಕಾರ್ಡ್?"

"ಪಾರ್ಟಿ ಕಾರ್ಡಾ? ಯಾರು ಹೇಳಿದ್ದು? ಓ, ರಟ್ಟಿನ ಒಳಗೆ ಅಂಟಿಸಿರೋ ಕೆಂಪು ಕಾರ್ಡಾ?" ಎರಡು ದಿನದಲ್ಲಿ ಮೊದಲ ಸಲ ನಕ್ಕಳೇನೋ. "ಅದು ಹಾಲಿನ ಕಾರ್ಡ್ ಅಕ್ಕ! ಕುಲುಮೆಯವರಿಗೆ ದಿನಾ ಅರ್ಧ ಲೀಟರ್ ಹಾಲು ಪುಕ್ಕಟೆ. ಅಜ್ಜ ಮಾಂಸ ಮುಟ್ಟಲ್ಲ ಅಂತ ನಿಕೊಲಾಯ್ ತನ್ನ ಪಾಲನ್ನೂ ಕೊಡ್ತಿದ್ನಂತೆ. ಗುರುವಾರ ಊಟದಲ್ಲಿ ಎಲ್ಲರ ಮುಂದೆ ನಾನೇ ಹೇಳಿದ್ದೆ, ಅಜ್ಜ ಒಪ್ಪಿದ್ರೆ ಅವರ ಕೆಂಪು ಕಾರ್ಡಿನ ಚಿತ್ರ ನನ್ನ ಪ್ರಬಂಧದಲ್ಲಿ ಹಾಕ್ತೀನಿ ಅಂತ."

"ಹಾಲಿನದು ಅಂತ ಹೇಳಿದ್ಯಾ?"

"ಇಲ್ಲ. ಕೆಂಪು ಕಾರ್ಡ್ ಅಂದೆ, ಅಷ್ಟೇ."

ನಿವೇದಿತಾ ಎದ್ದಳು. "ವಿನಾಯಕ್, ಗಾಡಿ ತೆಗಿ."

* * *

ಕೇಟಿ ತಲುಪಿದಾಗ ಅಪ್ಪ ಮಗ ಇಬ್ಬರೂ ಟೀ ಕುಡಿಯುತ್ತಿದ್ದರು.

"ಅಜ್ಜ, ನೀವು ರಷ್ಯಾದಲ್ಲಿ ಕಮ್ಯುನಿಸ್ಟ್ ಪಾರ್ಟಿ ಸೇರಿದ್ರಾ?"

"ಹುಚ್ಚ ಹಿಡದೈತೇನವ್ವಾ? ನಾ ಸರ್ಕಾರಿ ನೌಕರ. ಯಾವ ಪಾರ್ಟಿ ಸೇರಿದ್ರೂ ಮನೀಗಿ ಕಳಸ್ತಿದ್ರು."

ಶ್ರೀಶೈಲ್ ಕಪ್ಪು ಕೆಳಗಿಟ್ಟರು.

"ನೋಟ್‌ಬುಕ್ ತನ್ನಿ ಶ್ರೀಶೈಲ್," ಎಂದಳು ನಿವೇದಿತಾ. ದನಿ ಏರಿಸಲಿಲ್ಲ. "ಅದರಲ್ಲಿ ಪಾರ್ಟಿ ಕಾರ್ಡ್ ಇತ್ತು ಅಂತ ಹೇಳಿದ್ದು ನೀವೊಬ್ಬರೇ. ಅಜ್ಜನಿಗೆ, ತನ್ವಿಗೆ ಅದು ಹಾಲಿನ ಕಾರ್ಡ್ ಅಂತ ಗೊತ್ತು. ಅದನ್ನ ಕಣ್ಣಲ್ಲಿ ನೋಡಿ, ರಷ್ಯನ್ ಓದೋಕೆ ಬರದವರು ಮಾತ್ರ ಹಾಗೆ ಅಂದ್ಕೊಳ್ಳೋಕೆ ಸಾಧ್ಯ. ಆದ್ರೆ ನೀವು ಪೆಟ್ಟಿಗೆ ತೆಗೆದೇ ಇಲ್ಲ ಅಂದ್ರಿ."

"ಮೇಡಂ..."

"ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಕಮ್ಯುನಿಸ್ಟ್ ಪಾರ್ಟಿಯಲ್ಲಿ ಇದ್ರಾ ಅಂತ ಪ್ರಶ್ನೆ ಇದೆ. ನಮ್ಮ ಅತ್ತೆ ಅರ್ಜಿ ತುಂಬಿದವಳು ನಾನೇ. ನೀವು ಇಲ್ಲ ಅಂತ ತುಂಬಿದ್ರಿ. ಗುರುವಾರ ತನ್ವಿ ಕೆಂಪು ಕಾರ್ಡ್ ಅಂದಳು. ಅವಳು ಹೋದ ಮೇಲೆ ತೆಗೆದು ನೋಡಿದ್ರಿ. ಕುಡುಗೋಲು ಸುತ್ತಿಗೆ, ಅಜ್ಜನ ಫೋಟೋ, ಸಾಲಾಗಿ ಸೀಲು. ಹಾಲು ಕೊಟ್ಟ ದಿನದ ಸೀಲು ನಿಮಗೆ ಪಾರ್ಟಿಯ ಚಂದಾ ಥರ ಕಾಣಿಸ್ತು. ಪ್ರಬಂಧದಲ್ಲಿ ಅದು ಅಚ್ಚಾದ್ರೆ ಅಪ್ಪನ್ನ ವಾಪಸ್ ಕಳಿಸ್ತಾರೆ ಅಂತ ಹೆದರಿದ್ರಿ. ಕಾರ್ಡು ರಟ್ಟಿಗೇ ಅಂಟಿತ್ತು, ಅದಕ್ಕೆ ನೋಟ್‌ಬುಕ್ಕನ್ನೇ ಎತ್ತಿದ್ರಿ."

ಶ್ರೀಶೈಲ್ ಗ್ಯಾರೇಜಿಗೆ ಹೋಗಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನೋಟ್‌ಬುಕ್ ಇತ್ತು.

"ಸುಡಬೇಕಂತ ಮಾಡಿದ್ದೆ ಅಪ್ಪಾ. ನಿಮ್ಮ ಅಕ್ಷರ. ಕೈ ಏಳ್ಲಿಲ್ಲ."

"ನನ್ನ ಕೇಳಬೇಕಿಲ್ಲೇನಲೇ?" ಬಸಲಿಂಗಪ್ಪನವರು ನೋಟ್‌ಬುಕ್ ಕಸಿದುಕೊಂಡರು. "ಒಂದ್ ಮಾತು! ಅಕಿನ್ನ ನಾ ಕಳ್ಳಿ ಅಂದಾಗ ಬಾಜೂಕ ನಿಂತಿದ್ದೆಲ್ಲೋ."

"ಬುಧವಾರ ಮುಗೀಲಿ, ಆಮ್ಯಾಲೆ ಹೇಳಿದ್ರಾತು ಅಂತ... ಒಬ್ಬಾಕೀಗೆ ಸ್ವಲ್ಪ ತ್ರಾಸಾಗ್ತದ, ಅಪ್ಪಾರು ಉಳೀತಾರ ಅಂತ."

ಅಜ್ಜ ನೋಟ್‌ಬುಕ್ ಮೇಲೆ ಅಂಗೈ ಇಟ್ಟರು.

"ಕೇಳು. ಬರಿಗಾಲಿನ ಮಂದಿ ಮೂರು ವರ್ಷದಾಗ ಕಟ್ಟಿದ ಆ ಕುಲುಮಿಗಿ ನಾ ಇವತ್ತೂ ಕೈ ಮುಗಿತೀನಿ. ಅವರ ಕೈಯಾಗ ಕಲ್ತ ಕೆಲಸದ ಮ್ಯಾಲೆ ನಿನ್ನ ಸಾಲಿ ಓದಿಸೀನಿ. ಆದ್ರ ದೊಡ್ಡ ಕೆಲಸ ಆಗ್ಲಿಕ್ಕೆ ಒಬ್ಬ ಹ್ವಾದ್ರ ಹೋಗ್ಲಿ ಅಂತ ಅಲ್ಲಿ ಕೆಲವರು ಅಂದ್ರಲ್ಲ, ಆ ಮಾತಿಗಿ ಕೈ ಮುಗಿಯೂದಿಲ್ಲ. ನೀ ಆ ಮಾತು ಆಡಿದಿ. ನಾನೂ ಕಣ್ಣಾರೆ ನೋಡದೇ ಅಕಿ ಹೆಸರು ಹೇಳಿದೆ. ನಾಳೆ ಇಬ್ಬರೂ ಹೋಗೂಣು."

* * *

ಸೋಮವಾರ ಹತ್ತಕ್ಕೆ ಐದು ನಿಮಿಷವಿತ್ತು. ಆಸ್ಟಿನ್‌ನಲ್ಲಿ ವಿಚಾರಣೆಯ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ತನ್ವಿ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು.

ಬಸಲಿಂಗಪ್ಪನವರು ನೋಟ್‌ಬುಕ್ಕನ್ನು ಅವಳ ಕೈಗಿಟ್ಟರು. "ತಪ್ಪಾತವ್ವಾ," ಎಂದರು. "ಫೋಟೋ ತಗೋ, ಏನರ ಮಾಡು. ಇದು ಇನ್ನ ನಿಂದು."

ಶ್ರೀಶೈಲ್ ಕೈ ಜೋಡಿಸಿದರು. "ತನ್ವಿ, ನನ್ನ..."

"ಅಂಕಲ್," ಅವಳು ತಡೆದಳು. ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯಿತ್ತು. "ನನ್ನ ಹತ್ರ ಆಮೇಲೆ ಕೇಳಿ. ಮೊದಲು ಒಳಗೆ ಹೋಗಿ ಹೇಳಿ."

ಶ್ರೀಶೈಲ್ ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ. ತಾನೇ ತೆಗೆದದ್ದೆಂದು, ಆ ಹುಡುಗಿ ಏನೂ ಮಾಡಿಲ್ಲವೆಂದು ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಕಾರಿಡಾರಿನಲ್ಲಿದ್ದವರಿಗೆಲ್ಲ ಕೇಳಿಸಿತು.

ತನ್ವಿ ನೋಟ್‌ಬುಕ್ ಅವುಚಿಕೊಂಡು ನೆಲದ ಮೇಲೇ ಕುಸಿದು ಕೂತಳು. ಬಿಕ್ಕಿ ಬಿಕ್ಕಿ ಅತ್ತಳು. ನಿವೇದಿತಾ ಅವಳ ಪಕ್ಕದಲ್ಲಿ ಕೂತಳು. ಅಜ್ಜ ಗೋಡೆ ಹಿಡಿದು ನಿಧಾನವಾಗಿ ಬಗ್ಗಿ, ಅವಳ ಇನ್ನೊಂದು ಪಕ್ಕದಲ್ಲಿ ಕೂತರು. ಅವಳು ಸ್ವಲ್ಪ ಸರಿದು ಅವರಿಗೆ ಜಾಗ ಬಿಟ್ಟಳು.