ಬಕೆಟ್ಟಿನ ತಳದ ತೋಟಾ

ಎದ್ದು ಹೋಗ್ಬೇಡಿ, ಇದನ್ನ ಕೊನೇತನಕ ಕೇಳಿ. ಆರ್ವಿಡ್ ಸೋಲ್ಬರ್ಗ್ ಎಷ್ಟು ಯೋಚ್ನೆ ಮಾಡಿ ಮಾಡಿದ್ದ ಅಂತ ಕೇಳಿದ್ರೆ ನೀವೂ ಅವನ ಪಕ್ಕ ಸ್ಟೂಲ್ ಎಳ್ಕೊಂಡು ಕೂತ್ಬಿಡ್ತೀರಿ. ನಾನಂತೂ ಕೂತ್ಬಿಟ್ಟೆ.

ಶುರುವಾಗಿದ್ದು ಊರ ಹೋಟ್ಲಲ್ಲಿ, ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ. ಮೊಂಟಾನಾದಲ್ಲಿ ಎಲ್ಕ್ ಅನ್ನೋ ದೊಡ್ಡ ಜಿಂಕೆ ಬೇಟೆ ಶುರುವಾಗೋಕೆ ಇನ್ನೂ ಮೂರು ವಾರ ಇತ್ತು. ರಾಯ್ಸ್ ಡೆಮಿಂಗ್ ಒಳಗೆ ಬಂದು, ಹೊಸ ಬೇಟೆ ಲೈಸೆನ್ಸನ್ನ ಎಲ್ರಿಗೂ ಕಾಣೋ ಹಾಗೆ ಮೇಜಿನ ಮೇಲಿಟ್ಟ. ಎರಡು ವರ್ಷದ ಹಿಂದೆ ಆರ್ವಿಡ್‌ನ ಅಣ್ಣ ಹಾಲ್ವರ್‌ಗೆ ಗುಂಡು ಹೊಡೆದು ಸಾಯಿಸಿದ್ದು ಇದೇ ರಾಯ್ಸ್. ಹಿಮ ಬೀಳ್ತಿತ್ತು, ಎಲ್ಕ್ ಅನ್ಕೊಂಡೆ ಅಂದ. ಹಾಲ್ವರ್ ಮೈಮೇಲೆ ಕಿತ್ತಳೆ ಬಣ್ಣದ ಜಾಕೀಟಿತ್ತು, ಅರ್ಧ ಮೈಲಿ ದೂರದಿಂದ್ಲೂ ಕಾಣೋವಂಥದ್ದು. ಕೋರ್ಟು ಆಕಸ್ಮಿಕ ಅಂತು. ಎರಡು ವರ್ಷ ಬೇಟೆ ಆಡಂಗಿಲ್ಲ ಅಂತು. ಅಷ್ಟೇ.

"ಏನ್ ರಾಯ್ಸ್, ಲೈಸೆನ್ಸು ವಾಪಸ್ ಬಂತಾ?" ಅಂದ್ಲು ಕಾಫಿ ಬಗ್ಗಿಸ್ತಿದ್ದ ಡಾಟಿ.

"ಬಂತು ಕಣೆ. ಈ ಸಲ ಕನ್ನಡಕ ಹಾಕ್ಕೊಂಡೇ ಹೋಗ್ತೀನಿ."

ಮೂರು ಜನ ನಕ್ರು. ಆಮೇಲೆ ಮೂಲೇಲಿ ಆರ್ವಿಡ್ ಕೂತಿರೋದು ಕಂಡು ಮೂರೂ ಜನ ತಟ್ಟೆ ನೋಡ್ಕೊಂಡ್ರು. ರಾಯ್ಸ್ ಮಾತ್ರ ಪೂರ್ತಿ ತಿರುಗಿದ. "ನಿಂಗೇನ್ ಬೇಜಾರಿಲ್ಲ ತಾನೇ, ಆರ್ವಿ?"

"ಇಲ್ಲ," ಅಂದ ಆರ್ವಿಡ್.

ಆರ್ವಿ ಅಂತ ಅವನನ್ನ ಕರೀತಿದ್ದಿದ್ದು ಜಗತ್ತಲ್ಲಿ ಹಾಲ್ವರ್ ಒಬ್ನೇ. ತಟ್ಟೇಲಿ ಚೆರ್ರಿ ಪೈ ಇನ್ನೂ ಎರಡು ತುತ್ತು ಉಳಿದಿತ್ತು. ತಿಂದ. ಆ ಎರಡು ತುತ್ತಿನ ಮಧ್ಯೆ ಎಲ್ಲಾ ತೀರ್ಮಾನ ಆಗೋಯ್ತು.

ಮನೆ ಹಿಂದಿನ ಶೆಡ್ಡಲ್ಲಿ ಒಂದು ಉದ್ದದ ಮೇಜು, ಎರಡು ಸ್ಟೂಲು. ಅಣ್ಣ ತಮ್ಮ ಇಪ್ಪತ್ತು ವರ್ಷ ಅಲ್ಲೇ ಕೂತು ಖಾಲಿ ತೋಟಾಗಳನ್ನ ಮತ್ತೆ ತುಂಬ್ತಿದ್ರು. ಹಾಲ್ವರ್‌ನ ಸ್ಟೂಲು ಈಗ್ಲೂ ಅಲ್ಲೇ ಇದೆ, ಅದರ ಮೇಲೆ ಆರ್ವಿಡ್ ಏನೂ ಇಡಲ್ಲ.

ಅವನು ತನ್ನ ಕೋವಿಯ ನಲವತ್ತು ಖಾಲಿ ತೋಟಾ ತೆಗೆದು ಸಾಲಾಗಿಟ್ಟ. ಬೇಕಾಗಿದ್ದು ಒಂದು. ಆದ್ರೆ ಪ್ರತಿ ವರ್ಷ ನಲವತ್ತು ಮಾಡೋನು ಈ ವರ್ಷ ಒಂದೇ ಮಾಡಿದ್ರೆ ಅದೇ ಒಂದು ಸಾಕ್ಷಿ. ಹಾಗಾಗಿ ನಲವತ್ತೂ ಮಾಡಿದ. ತೋಟಾ ತಳದಲ್ಲಿ ಕಿಡಿ ಹೊತ್ತಿಸೋ ಪುಟ್ಟ ಕೇಪು ಇರುತ್ತಲ್ಲ, ಆ ಸುಟ್ಟ ಕೇಪುಗಳನ್ನ ಮೊಳೆಯಿಂದ ಹೊರಗೆ ತಳ್ಳಿದ. ಅಕ್ರೋಟು ಸಿಪ್ಪೆ ಪುಡಿ ಜೊತೆ ಉರುಳೋ ಡಬ್ಬಿಗೆ ಹಾಕಿ ಬೆಳಿಗ್ಗೆಯಿಂದ ಸಂಜೇತನಕ ಗರಗರ ತಿರುಗಿಸಿದ. ಮಸಿ ಎಲ್ಲಾ ಹೋಗಿ ಹಿತ್ತಾಳೆ ಹೊಸ ಪಾತ್ರೆ ಥರ ಹೊಳೀತು. ಒಂದೊಂದಕ್ಕೂ ಬೆರಳಲ್ಲಿ ಒಂಚೂರು ಜಿಡ್ಡು ಸವರಿ ಅಚ್ಚಿಗೆ ಒತ್ತಿದ, ಯಾಕಂದ್ರೆ ಒಂದ್ಸಲ ಸಿಡಿದ ತೋಟಾ ತಾನು ಕೂತಿದ್ದ ಕೋವಿ ಒಳಗಿನ ಆಕಾರಕ್ಕೇ ಉಬ್ಬಿರುತ್ತೆ, ಅದನ್ನ ಮತ್ತೆ ಅಳತೆಗೆ ತರ್ಬೇಕು. ಉದ್ದ ಬೆಳೆದ ಬಾಯಿ ಕತ್ತರಿಸಿದ. ಅಂಚು ಉಜ್ಜಿದ.

"ತೋಟಾ ಕತ್ತು ನೋಡೋ ಆರ್ವಿ. ಸೀಳೋದು ಕತ್ತಲ್ಲೇ."

ಪಕ್ಕದ ಸ್ಟೂಲಿಂದ ಬಂತು ಮಾತು. ಆರ್ವಿಡ್ ತಿರುಗಿ ನೋಡ್ಲಿಲ್ಲ. ಎರಡು ವರ್ಷದಲ್ಲಿ ಕಲಿತಿದ್ದ, ತಿರುಗಿದ್ರೆ ಹೋಗ್ಬಿಡ್ತಾನೆ.

"ನೋಡ್ದೆ ಕಣಣ್ಣ," ಅಂದ.

ಯೋಜನೆ ಸರಳ. ರಾಯ್ಸ್ ಪ್ರತಿ ವರ್ಷ ಮೊದಲನೇ ಭಾನುವಾರ ಆಸ್ಪೆನ್ ಮರಗಳ ಹಳ್ಳಕ್ಕೇ ಹೋಗ್ತಿದ್ದ, ಈ ವರ್ಷಾನೂ ಹೋಗ್ತಾನೆ. ಎದುರುಗಡೆ ಗುಡ್ಡದಿಂದ ಒಂದು ಗುಂಡು. ಮೂಳೆಗೆ ತಗುಲಿದ್ರೆ ಪುಡಿಪುಡಿ ಆಗೋ ಜಾತಿ ಗುಂಡು, ಆ ಪುಡೀಲಿ ಯಾವ ಕೋವಿ ಗುರುತೂ ಉಳಿಯಲ್ಲ. ತನ್ನ ಖಾಲಿ ತೋಟಾ ಜೇಬಿಗೆ. ಅದರ ಜಾಗದಲ್ಲಿ ಬೇರೆ ಯಾರದ್ದೋ ತೋಟಾ. ಕಾನೂನಿನೋರು ಆ ತೋಟಾಗೆ ಸರಿಹೋಗೋ ಕೋವಿ ಹುಡುಕ್ತಾ ಹೊರರಾಜ್ಯದ ಬೇಟೆಗಾರರ ಹಿಂದೆ ಅಲೀಲಿ, ಸಾಯೋತನಕ ಅಲೀಲಿ.

ಆ ಬೇರೆಯವರ ತೋಟಾ ಎಲ್ಲಿ ಸಿಗುತ್ತೆ ಅನ್ನೋದು ಊರಿನ ಬೇಟೆಗಾರರಿಗೆಲ್ಲ ಗೊತ್ತಿರೋದೇ. ಊರಾಚೆ ಗುರಿ ಹೊಡೆಯೋ ಬಯಲಲ್ಲಿ ಒಂದು ಗುಡಿಸ್ಲು, ಗುಡಿಸ್ಲಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು. ಹೊಡೆದೋರು ಬಿಟ್ಟುಹೋದ ಖಾಲಿ ಹಿತ್ತಾಳೆ ತೋಟಾ ಎಲ್ಲಾ ಅದರೊಳಗೆ, ಬೇಕಾದೋರು ತಗೋಬಹುದು. ಆರ್ವಿಡ್ ಮೇಲಿನದನ್ನ ಮುಟ್ಲಿಲ್ಲ. ಮೇಲಿರೋದು ಹೋದ ವಾರದ್ದು, ಯಾರು ಹೊಡೆದ್ರು ಅಂತ ಯಾರಿಗಾದ್ರೂ ನೆನಪಿರುತ್ತೆ. ಕೈಗವಸು ಹಾಕ್ಕೊಂಡು ಮೊಣಕೈತನಕ ಇಳಿಸಿ, ತಳದಿಂದ ತನ್ನ ಕೋವಿ ಅಳತೆದೇ ಒಂದನ್ನ ಎತ್ತಿದ. ಎಷ್ಟೋ ಕಾಲದಿಂದ ಬಿದ್ದಿದ್ದು. ಒಡೆಯನೇ ಮರೆತಿರೋದು.

ಶೆಡ್ಡಿಗೆ ತಂದು ಭೂತಗನ್ನಡೀಲಿ ನೋಡಿದ. ಕುದುರೆ ಎಳೆದಾಗ ಕೋವಿ ಒಳಗಿನ ಮೊಳೆ ಕೇಪಿನ ಮೇಲೆ ಕುಟ್ಟಿದ ಗುಂಡಿ ನಡುವಿಗಿರಲಿಲ್ಲ, ಒಂಚೂರು ಅಂಚಿಗೆ ಸರಿದಿತ್ತು. ಆರ್ವಿಡ್‌ನ ಕೋವಿ ಸರಿಯಾಗಿ ನಡುವಿಗೇ ಕುಟ್ಟೋದು. ಅವನಿಗೆ ನಗು ಬಂತು. ಇದಕ್ಕಿಂತ ಚೆನ್ನಾಗಿರೋದು ಕೇಳಿದ್ರೂ ಸಿಗ್ತಿರಲಿಲ್ಲ.

ಇದೊಂದನ್ನ ಮಾತ್ರ ತೊಳೀಲಿಲ್ಲ. ತೊಳೆದ ತೋಟಾ ಈಗ ತಾನೇ ಸಿಡಿದಿದ್ದು ಅಂದ್ರೆ ಯಾರು ನಂಬ್ತಾರೆ? ಹೊರಗೆ ಒಣಬಟ್ಟೇಲಿ ಒರೆಸಿ ಮಂಕು ತೆಗೆದ, ಒಳಗಿನ ಮಸಿ ಹಾಗೇ ಬಿಟ್ಟ, ಕಿಟಕಿ ಕಟ್ಟೆ ಮೇಲೆ ನಿಲ್ಲಿಸಿದ. ಮೇಜಿನ ಮೇಲೆ ನಲವತ್ತು ಹೊಳೀತಿದ್ವು. ಕಿಟಕೀಲಿ ಇದೊಂದು ಕಪ್ಪು ಬಾಯಿ ತೆರ್ಕೊಂಡು ನಿಂತಿತ್ತು. ಗಾಳಿ ಬೀಸಿದಾಗ ಆ ಬಾಯಿಂದ ಸಣ್ಣಗೆ ಶಿಳ್ಳೆ ಹೊರಡೋದು. ಮೂರನೇ ದಿನ ಆರ್ವಿಡ್ ಅದನ್ನ ಬಟ್ಟೇಲಿ ಸುತ್ತಿ ಡ್ರಾಯರಿಗೆ ಹಾಕಿದ. ಶಿಳ್ಳೆ ನಿಲ್ತು. ವಿಚಿತ್ರ ಏನಂದ್ರೆ, ಅವತ್ತಿಂದ ಪಕ್ಕದ ಸ್ಟೂಲಿಂದ ಮಾತೂ ನಿಲ್ತು.

ಭಾನುವಾರ ಮಧ್ಯಾಹ್ನ ಎರಡು ಗಂಟೆ. ತೆಳ್ಳಗೆ ಹಿಮ. ಹಳ್ಳದಲ್ಲಿ ರಾಯ್ಸ್, ಮೈಮೇಲೆ ಕಿತ್ತಳೆ ಜಾಕೀಟು, ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ ಆರ್ವಿಡ್‌ಗೆ ಅದೇ ತಡ್ಕೊಳ್ಳೋಕಾಗ್ಲಿಲ್ಲ. ಕೋವಿ ಒಂದೇ ಸಲ ಕೂಗ್ತು. ರಾಯ್ಸ್ ಸುಸ್ತಾದೋನ ಥರ ಕೂತ, ಆಮೇಲೆ ಮಲಗಿದ. ಆರ್ವಿಡ್ ತನ್ನ ತೋಟಾ ಎತ್ಕೊಂಡ, ಇನ್ನೊಂದನ್ನ ಬಿದ್ದ ಮರದ ಪಕ್ಕ ಹಾಕಿದ. ಸ್ವಲ್ಪ ಹೊತ್ತು ನಿಂತ. ಅಣ್ಣ ಏನಾದ್ರೂ ಹೇಳ್ತಾನೇನೋ ಅಂತ. ಆಸ್ಪೆನ್ ಎಲೆಗಳ ಸದ್ದು ಬಿಟ್ರೆ ಏನೂ ಇರಲಿಲ್ಲ.

ಮೂರನೇ ದಿನ ಶೆರಿಫ್ ಜೋಲೀನ್ ಬೆಕ್ ಬಂದ್ಲು. ಬೂಟು ಹೊರಗೇ ಕೊಡವಿ, ಕಾಫಿ ಇಸ್ಕೊಂಡು ಕೂತ್ಲು.

"ಗುಡ್ಡದ ಮೇಲೆ ಒಂದು ಖಾಲಿ ತೋಟಾ ಸಿಕ್ಕಿದೆ, ಆ ಅಳತೆ ಕೋವಿ ಇರೋ ಎಲ್ಲಾ ಮನೆಗೂ ಹೋಗ್ತಿದೀನಿ ಆರ್ವಿಡ್. ನಿಮ್ಮನೇಗೂ ಬಂದೆ ಅಂತ ತಪ್ಪು ತಿಳ್ಕೋಬೇಡಿ."

"ತಗೊಂಡ್ ಹೋಗಿ ಮೇಡಂ." ಬೀರು ಬೀಗ ತೆಗೆದು ಆ ಅಳತೆದೇ ಎರಡು ಕೋವಿ ಹೊರಗಿಟ್ಟ. ಅವನು ಇದಕ್ಕೇ ಕಾಯ್ತಿದ್ದ.

"ಈ ಎರಡನೇದು?"

"ಅಣ್ಣಂದು. ಅವನು ಹೋದ್ಮೇಲೆ ಯಾರೂ ಮುಟ್ಟಿಲ್ಲ. ಕೀ ನನ್ನ ಹತ್ರ ಬಿಟ್ರೆ ಇನ್ಯಾರ ಹತ್ರಾನೂ ಇಲ್ಲ."

"ಬೇಟೇಲಿ ಹೊಡೆದ ಖಾಲಿ ತೋಟಾ ಅಲ್ಲೇ ಬಿಟ್ಟು ಬರೋ ಅಭ್ಯಾಸ ಇದ್ಯಾ?"

"ಸೋಲ್ಬರ್ಗ್ ಮನೆಯೋರು ಹಿತ್ತಾಳೆ ಬಿಟ್ಟು ಬರೋರಲ್ಲ. ಅಣ್ಣನೂ ಅಷ್ಟೇ, ನಾನೂ ಅಷ್ಟೇ. ಬಿಟ್ಟು ಹೋಗೋರು ಅಂಗಡೀಲಿ ಕೊಂಡು ಬರೋ ಹೊರಗಿನೋರು."

"ಗುರಿ ಹೊಡೆಯೋ ಬಯಲಲ್ಲೂ?"

"ಎಲ್ಲೂ. ಒಂದೂ ಬಿಟ್ಟಿಲ್ಲ."

"ನಮ್ಮನೆಯವರು ಬಿಡ್ತಾರಪ್ಪ, ಜೇಬಲ್ಲಿಟ್ಟು ಮರೆತು ಬಟ್ಟೆ ಒಗೆಯೋ ಮಿಷನ್ನಲ್ಲಿ," ಅಂದ್ಲು ಬರ್ಕೊಳ್ತಾ. ಇಬ್ರೂ ನಕ್ರು. ಹಾಳೆ ಅವನ ಮುಂದಿಟ್ಲು, ಅವನು ಸಹಿ ಹಾಕಿದ. ಅವಳು ಪರೀಕ್ಷೆಗೆ ಅಂತ ಎರಡೂ ಕೋವಿ ತಗೊಂಡು ಹೋದ್ಲು.

ಒಂಬತ್ತು ದಿನ ಆದ್ಮೇಲೆ ಮತ್ತೆ ಬಂದ್ಲು. ಈ ಸಲ ಕೂರ್ಲಿಲ್ಲ, ಹ್ಯಾಟೂ ತೆಗೀಲಿಲ್ಲ. "ಗುಡ್ಡದ ಮೇಲೆ ಸಿಕ್ಕಿದ ತೋಟಾ ಹಾಲ್ವರ್ ಕೋವಿದು, ಆರ್ವಿಡ್," ಅಂದ್ಲು. ಕೇಪಿನ ಅಂಚಿಗೆ ಸರಿದಿದ್ದ ಆ ಗುಂಡಿ ಆರ್ವಿಡ್ ಕಣ್ಮುಂದೆ ಬಂತು. ಇಪ್ಪತ್ತು ವರ್ಷ ಜೊತೇಲಿ ಕೂತಿದ್ರೂ ಅಣ್ಣನ ಕೋವಿ ಕೇಪಿನ ಮೇಲೆ ಎಲ್ಲಿ ಕುಟ್ಟುತ್ತೆ ಅಂತ ಅವನು ಒಂದ್ಸಲಾನೂ ನೋಡಿರಲಿಲ್ಲ, ಯಾಕಂದ್ರೆ ಅವರವರ ತೋಟಾದ ಸುಟ್ಟ ಕೇಪು ಅವರವರೇ ತಳ್ಳಿ ಎಸೀತಿದ್ರು, ಒಟ್ಟಿಗೆ ಸೇರ್ತಿದ್ದಿದ್ದು ಆಮೇಲೆ, ಡಬ್ಬೀಲಿ. ಅದಿರ್ಲಿ, ಅಣ್ಣನ ತೋಟಾ ಆ ಬಕೆಟ್ಟಿಗೆ ಹೇಗೆ ಬಂತು? ಆಗ ನೆನಪಾಯ್ತು. ಸಾಯೋಕೆ ಒಂದು ವಾರ ಮುಂಚೆ ಹಾಲ್ವರ್ ಫೋನ್ ಮಾಡಿದ್ದ: ಕೋವಿ ಗುರಿ ಸರಿ ಮಾಡ್ಕೋಬೇಕು, ಬಯಲಿಗೆ ಬಾರೋ ಆರ್ವಿ, ಬೆನ್ನು ಹಿಡ್ಕೊಂಡಿದೆ, ಬಗ್ಗಿ ಹಿತ್ತಾಳೆ ಆಯೋಕಾಗಲ್ಲ ಅಂತ. ಇವತ್ತಾಗಲ್ಲ, ನೀನೇ ಹೋಗು ಅಂದಿದ್ದ ಇವನು. ಅಣ್ಣ ಒಬ್ನೇ ಹೋಗಿದ್ದ, ಬಗ್ಗೋಕಾಗ್ದೆ ಬಿಟ್ಟು ಬಂದಿದ್ದ, ಗುಡಿಸೋರು ಬಕೆಟ್ಟಿಗೆ ಹಾಕಿದ್ರು. ಅದು ಈಗ ತಳ ಸೇರಿತ್ತು. ಬಕೆಟ್ಟು ಅಂತ ಬಾಯ್ಬಿಟ್ರೆ, ಒಂದೂ ಬಿಟ್ಟಿಲ್ಲ ಅಂದೋರಿಗೆ ಇದು ಬಕೆಟ್ಟಿಂದೇ ಬಂತು ಅಂತ ಹೇಗೆ ಗೊತ್ತಾಯ್ತು ಅಂತಾಳೆ. ಬಾಯ್ಬಿಡ್ದಿದ್ರೆ, ಆ ಕೋವಿ ಬೀಗದೊಳಗಿತ್ತು, ಕೀ ಇವನೊಬ್ಬನ ಹತ್ರ, ಕೆಳಗೆ ಇವನದೇ ಸಹಿ. ಜೋಲೀನ್ ಬಾಗಿಲಲ್ಲಿ ನಿಂತು ಕಾಯ್ತಿದ್ಲು. ನೀವಾಗಿದ್ರೆ ಏನ್ ಹೇಳ್ತಿದ್ರಿ?