ಮೇಷ್ಟ್ರ ಪಟ್ಟಿಯ ಮೊದಲ ಸಾಲು

"ನನ್ನ ಕೆಲಸ ಕಿತ್ಕೊಳ್ಳೋಕೆ ಬಂದಿರೋರು ನೀವೇನಾ?"

ಅವಳು ಕೇಳಿದ ರಭಸಕ್ಕೆ ಇಡೀ ಆಫೀಸೇ ತಿರುಗಿ ನೋಡಿತು. ಹೊಸಬ ಮಾತ್ರ ಪಕ್ಕದ ಕುರ್ಚಿ ಎಳೆದು ಕೂತ.

"ಅಲ್ಲ... ಉಳಿಸ್ಕೊಳ್ಳೋದು ಹೇಗೆ ಅಂತ ಹೇಳೋಕೆ."

ಪ್ರೋಗ್ರಾಂ ಬರೆಯುವ ಎಐಯನ್ನು ಬಳಸಲು ಕಲಿಸುವುದು ಅವನ ಕೆಲಸ. ಎಲ್ಲರ ಬಾಯಲ್ಲಿ 'ಮೇಷ್ಟ್ರು'. ಹನ್ನೊಂದು ವರ್ಷದಿಂದ ಆಸ್ಪತ್ರೆಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದ ಅವಳ ಪಾಲಿಗೆ ಮಾತ್ರ ಶನಿ!

ಅವಳ ಮೂರು ದಿನದ ಕೆಲಸವನ್ನು ಎಐ ಮೂರೇ ನಿಮಿಷದಲ್ಲಿ ಮುಗಿಸಿತು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ. ತನಗೆ ಬರುವುದು ಇದೊಂದೇ ವಿದ್ಯೆ... 'ನಾಳೆಯಿಂದ ನಾನು ಯಾರು?'

"ಅದರ ಜೊತೆ ಓಟಕ್ಕೆ ನಿಲ್ಬೇಡಿ," ಎನ್ನುತ್ತಿದ್ದ ಮೇಷ್ಟ್ರು. "ಅದು ಬರೆದಿದ್ದನ್ನ ಅನುಮಾನದಿಂದ ಓದಿ. ಆಸ್ಪತ್ರೆಗೆ ಹೋಗಿ ನರ್ಸ್‌ಗಳ ಜೊತೆ ಕೂತ್ಕೊಳ್ಳಿ."

ಗೊಣಗಿಕೊಂಡೇ ಆಸ್ಪತ್ರೆಗೆ ಹೋದಳು. ಸಂಜೆ ಬಸ್ ಸ್ಟಾಪಿನವರೆಗೂ ಅವನೊಡನೆ ಜಗಳ. ದಿನ ಕಳೆದಂತೆ, ಬೈಯುವುದಕ್ಕಾದರೂ ಅವನು ಬೇಕೆನಿಸತೊಡಗಿತು.

ಒಂದು ಮಧ್ಯಾಹ್ನ ಅವನ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಕಂಡಿತು. ಮೊದಲ ಹೆಸರೇ ಅವಳದು. ಮುಂದೆ: 'ಪ್ರೋಗ್ರಾಂ ಬರೆಯುವ ಕೆಲಸದಿಂದ ತೆಗೆಯುವುದು.'

ಮುಂದೆ ಓದಲು ಕಣ್ಣೀರು ಬಿಡಲಿಲ್ಲ. ಬ್ಯಾಗ್ ಹಿಡಿದು ಹೊರಟೇಬಿಟ್ಟಳು.

ನಾಲ್ಕು ದಿನ ಅವನ ಫೋನ್ ಎತ್ತಲಿಲ್ಲ. ಹತ್ತೊಂಬತ್ತು ಕಡೆ ಅರ್ಜಿ ಹಾಕಿದಳು. ಬಂದ ಉತ್ತರ ಎರಡು, ಎರಡೂ 'ಬೇಡ'.

"ಕೆಲಸ ಹೋದ್ರೆ ಹೋಗ್ಲಿ ಪುಟ್ಟಿ," ಎಂದರು ಅಪ್ಪ ಮಲಗಿದಲ್ಲಿಂದಲೇ. "ಊಟ ಬಿಡ್ಬೇಡ ಕಣೇ..."

ಗೋಡೆಗೆ ಮುಖ ಮಾಡಿ ಬಿಕ್ಕಿದಳು.

ಐದನೆಯ ದಿನ ಬೆಳಿಗ್ಗೆ ಥಟ್ಟನೆ ನೆನಪಾಯಿತು. ಎಐ ಬರೆದ, ಔಷಧದ ಪ್ರಮಾಣ ಹೇಳುವ ಪ್ರೋಗ್ರಾಂ ಇವತ್ತೇ ಆಸ್ಪತ್ರೆಗೆ ಹೋಗಬೇಕು! ಗಡಿಬಿಡಿಯಲ್ಲಿ ಮಕ್ಕಳ ತೂಕ ಬರೆಯುವುದು ಎಷ್ಟೋ ಸಲ ಬಿಟ್ಟುಹೋಗುತ್ತದೆ ಎಂದಿದ್ದಳಲ್ಲ ಒಬ್ಬ ನರ್ಸ್? ಕಾಲಿಗೆ ಚಪ್ಪಲಿ ಸಿಕ್ಕಿಸಿ ಆಫೀಸಿಗೆ ಓಡಿದಳು.

"ತೂಕದ ಜಾಗ ಖಾಲಿ ಬಿಟ್ಟು ನೋಡಿ!" ಬಾಗಿಲಲ್ಲೇ ಏದುಸಿರು ಬಿಟ್ಟಳು.

ನೋಡಿದರು. ಮಗುವಿನ ತೂಕ ಅರವತ್ತು ಕೆಜಿ ಎಂದು ಎಐ ತಾನೇ ಊಹಿಸಿಕೊಂಡಿತ್ತು. ಮ್ಯಾನೇಜರ್ ತಕ್ಷಣ ಪ್ರೋಗ್ರಾಂ ಕಳಿಸುವುದನ್ನು ನಿಲ್ಲಿಸಿದರು.

ಮೇಷ್ಟ್ರು ಅವಳನ್ನು ಮೆಟ್ಟಿಲ ಬಳಿ ಕರೆದೊಯ್ದು ಪಟ್ಟಿ ಮುಂದೆ ಹಿಡಿದ. "ಪೂರ್ತಿ ಓದಿ."

'...ಎಐ ಬರೆದದ್ದೆಲ್ಲ ಇವರು ಒಪ್ಪಿದ ಮೇಲೆಯೇ ಹೊರಹೋಗಬೇಕು.'

"ನಾನು ಮಾಡಿದ ಶಿಫಾರಸು ಇದು. ಮ್ಯಾನೇಜರ್ ಈಗಷ್ಟೇ ಒಪ್ಪಿದ್ರು. ಸದ್ಯಕ್ಕೆ ಆರು ತಿಂಗಳು."

"ಆಮೇಲೆ?"

"ಗೊತ್ತಿಲ್ಲ. ನನ್ನ ಕೆಲಸವಂತೂ ಈ ತಿಂಗಳಿಗೇ ಮುಗೀತು. ಕಲಿಸೋದನ್ನೂ ಈಗ ಅದೇ ಮಾಡುತ್ತಂತೆ." ನಗಲು ಹೋದ, ಆಗಲಿಲ್ಲ. "ನಂಗೂ ಭಯ ಆಗುತ್ತೆ ಕಣ್ರೀ... ಆದ್ರೆ ಈ ನಾಲ್ಕು ದಿನ ಆದಷ್ಟಲ್ಲ. ನೀವು ಫೋನ್ ಎತ್ತಲೇ ಇಲ್ಲ..."

ಅವಳು ಅವನ ಕೈ ಹಿಡಿದಳು.

"ಮನೆಗೆ ಬನ್ನಿ. ಅಪ್ಪನ ಹತ್ರ ಮಾತಾಡ್ಬೇಕು."

"ನಾನೇನು ಕೆಲಸ ಮಾಡ್ತೀನಿ ಅಂತ ಹೇಳ್ತೀರಾ ಅವ್ರಿಗೆ?"

"ಕೆಲಸದ ಮಾತು ಆಮೇಲೆ... ಮೊದಲು, ನನ್ನೋರು ಅಂತೀನಿ."